ಉಳಿಸು, ಅಳಿಸು: ಒಂದಕ್ಷರದ ಅಂತರ

ಅಕ್ಕಲಕೋಟೆ ಸೀಮೆಯ ಬೀಸುಕಲ್ಲಿನ ಹಾಡುಗಳನ್ನು ಧ್ವನಿಮುದ್ರಿಸುವ ಮೊಬೈಲ್ ಆ್ಯಪ್ ಒಂದನ್ನು ನೀವು ಮೊದಲ ಬಾರಿಗೆ ವಿನ್ಯಾಸಗೊಳಿಸುತ್ತಿರುವಿರೆಂದು ಭಾವಿಸಿರಿ. ತೆರೆಯ ಮೇಲೆ ‘ಉಳಿಸು’, ‘ಅಳಿಸು’ ಎಂಬ ಗುಂಡಿಗಳು ಅಕ್ಕಪಕ್ಕದಲ್ಲಿವೆ. ಭೇದ ಮೊದಲಕ್ಷರದ್ದು ಮಾತ್ರ. ಹಾಡಿ ಮುಗಿಸಿದ ಅಜ್ಜಿ, ಕಣ್ಣು ಮಂಜಾಗಿ, ತಪ್ಪಿ ಒತ್ತಿದರೆ ಹಾಡೇ ಇಲ್ಲವಾಗುವುದು.

ಮರಾಠಿಯ ‘ಜತನ ಕರಾ’, ‘ಹಟವಾ’ಗಳಲ್ಲಿ ಈ ಗೊಂದಲವಿಲ್ಲ. ‘ಜತನ’ ನಮ್ಮ ಕನ್ನಡದಲ್ಲಿಯೂ ಇರುವ ಮಾತೇ. ಆದ್ದರಿಂದ ‘ಜತನ ಮಾಡು’, ‘ತೆಗೆದುಹಾಕು’ ಎಂದು ಬರೆಯಿರಿ, ಗುಂಡಿಗಳನ್ನು ದೂರವಿರಿಸಿರಿ, ತೆಗೆದುದನ್ನು ಮರಳಿ ಪಡೆಯುವ ದಾರಿಯನ್ನೂ ಇಡಿರಿ.

ಮೊದಲು ತೆರೆಯನ್ನು ಕಾಗದದ ಮೇಲೆ ಬರೆದು ಹಿರಿಯರ ಮುಂದಿಟ್ಟು, ಏನೂ ಹೇಳಿಕೊಡದೆ ಗಮನಿಸಿರಿ. ಅವರ ಬೆರಳು ಅನುಮಾನಿಸಿದಲ್ಲಿ ತಿದ್ದಬೇಕಾದುದು ನಿಮ್ಮ ತೆರೆಯನ್ನು, ಅವರನ್ನಲ್ಲ. ಸರಿಯಾದ ಶಬ್ದವನ್ನು ಆಯುವುದೂ ವಿನ್ಯಾಸವೇ. ಅದು ಕನ್ನಡ ವಿದ್ಯಾರ್ಥಿಯ ಕೆಲಸ.