ಸೋಲುವವನ ಕಡೆಯಿಂದ ಬರೆದ ನಿಯಮ

ಮೂರೇ ಸರದಿಯಲ್ಲಿ ಆ ಹುಡುಗನ ಪಾತ್ರ ಸತ್ತುಹೋಯಿತು. ಎಂಟು ತಿಂಗಳಿಂದ ದಿನವೂ ಒಂದಿಷ್ಟು ಬರೆದು ಬೆಳೆಸಿದ್ದ ಪಾತ್ರ. ಉಪ್ಪು ಮಾರುವವಳ ಮಗ, ಗಾಳಿಯ ವಿದ್ಯೆಯನ್ನು ಆಗಷ್ಟೇ ಕಲಿಯುತ್ತಿದ್ದ ಗೆನಿನ್, ಅಂದರೆ ನಿಂಜಾ ಶ್ರೇಣಿಯ ಮೊದಲ ಮೆಟ್ಟಿಲಲ್ಲಿದ್ದವನು. ಅವನಿಗೆ ಸವಾಲು ಹಾಕಿದ್ದು ಎರಡು ಶ್ರೇಣಿ ಮೇಲಿನ ಜೋನಿನ್. ಮೊದಲ ಸರದಿಯಲ್ಲಿ ಕಾಲು ಕಟ್ಟಿದ, ಎರಡನೆಯದರಲ್ಲಿ ಕಣ್ಣು ಕಟ್ಟಿದ, ಮೂರನೆಯದರಲ್ಲಿ ‘ಕತ್ತಿ ಅವನ ಎದೆಯನ್ನು ಹಾದುಹೋಯಿತು’ ಎಂದು ಬರೆದ. ಹುಡುಗ ‘ಸರಿ’ ಎಂದು ಒಂದೇ ಪದ ಹಾಕಿ ಹೊರಟುಹೋದ. ಆ ರಾತ್ರಿ ನಾನು ನಿಯಮಗಳ ಕಡತ ತೆರೆದು ಸಾಲು ಸಾಲಾಗಿ ನೋಡಿದೆ. ಒಂದು ನಿಯಮವೂ ಮುರಿದಿರಲಿಲ್ಲ. ಅವನ್ನೆಲ್ಲ ಬರೆದವನು ನಾನೇ.

ನಮ್ಮದು ಡಿಸ್ಕಾರ್ಡ್‌ನಲ್ಲಿ ನಡೆಯುವ ನಿಂಜಾ ರೋಲ್‌ಪ್ಲೇ. ಇದರಲ್ಲಿ ಚಿತ್ರವಿಲ್ಲ, ಗುಂಡಿ ಒತ್ತುವುದಿಲ್ಲ, ದಾಳವೂ ಇಲ್ಲ. ಎಲ್ಲವೂ ಬರವಣಿಗೆ. ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ 700 ಅಧ್ಯಾಯಗಳಲ್ಲಿ ಬರೆದು ಚಿತ್ರಿಸಿದ ‘ನರುಟೊ’ ಮಾಂಗಾದ ಲೋಕವನ್ನು ನಾವು ಎರವಲು ಪಡೆದಿದ್ದೇವೆ. ಗೆನಿನ್, ಚೂನಿನ್, ಜೋನಿನ್ ಎಂಬ ಶ್ರೇಣಿಗಳು, ಚಕ್ರ ಎಂಬ ಒಳಶಕ್ತಿ, ಕೈಮುದ್ರೆ ಹಾಕಿ ಹೊರಡಿಸುವ ಜುಟ್ಸುಗಳು ಎಲ್ಲ ಅಲ್ಲಿಂದ ಬಂದವು. ಪಾತ್ರಗಳು ಮಾತ್ರ ನಮ್ಮವು. ಇಬ್ಬರ ನಡುವೆ ಕಾಳಗವಾದರೆ ಒಬ್ಬ ಒಂದು ಪ್ಯಾರಾ ಬರೆಯುತ್ತಾನೆ, ಇನ್ನೊಬ್ಬ ಅದಕ್ಕೆ ಉತ್ತರವಾಗಿ ಇನ್ನೊಂದು. ಭಾರತ, ಫಿಲಿಪೀನ್ಸ್, ಅಮೆರಿಕ ಎಂದು ಮೂರು ಕಡೆಯವರು ಕೂಡಿ ಹೀಗೆ ಕತೆ ಕಟ್ಟುತ್ತೇವೆ. ಸವಾಲುಗಳ ನಿಯಮ ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ಆ ಹುಡುಗ ಕನ್ನಡದವನೇ. ಎರಡು ದಿನ ತಡೆದು ಅವನಿಗೆ ಬರೆದೆ: ತಪ್ಪು ನನ್ನದು, ಪಾತ್ರವನ್ನು ಬದುಕಿಸಿಕೊಡುತ್ತೇನೆ. ಎರಡು ವಾರವಾದ ಮೇಲೆ ಉತ್ತರ ಬಂತು. “ಬೇಡ ಅಣ್ಣ. ಅವನು ಸತ್ತ ಅಂತ ಬೇಜಾರಿಲ್ಲ. ಅವನು ಸಾಯುವಾಗ ನಂಗೆ ಒಂದು ಸಾಲೂ ಬರೆಯೋಕೆ ಸಿಗಲಿಲ್ಲ ಅಂತ ಬೇಜಾರು.”

ಆ ಸಾಲು ಓದಿದ ಮೇಲೆ ನನ್ನ ನಿಯಮಗಳಲ್ಲಿ ಎಲ್ಲಿ ತೂತಿತ್ತೆಂದು ಕಂಡಿತು. ಯಾವ ಶ್ರೇಣಿಯವನಿಗೆ ಎಷ್ಟು ಚಕ್ರ, ಎಷ್ಟು ಕುನಾಯ್ ಎಂಬ ಎಸೆಯುವ ಚೂರಿ, ಯಾವ ಜುಟ್ಸುವಿಗೆ ಎಷ್ಟು ಮುದ್ರೆ ಎಂದು ಪುಟಗಟ್ಟಲೆ ಬರೆದಿದ್ದೆ. ದಾಳ ಇರುವ ಆಟದಲ್ಲಿ ಪೆಟ್ಟು ಬಿತ್ತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದಾಳ ಇಲ್ಲದಲ್ಲಿ ಯಾರು ಹೇಳಬೇಕು? ಅದನ್ನು ಮಾತ್ರ ಬರೆದಿರಲಿಲ್ಲ. ನಾನು ಬರೆದದ್ದೆಲ್ಲ ಗೆಲ್ಲುವವನು ಹೇಗೆ ಗೆಲ್ಲಬಹುದು ಎಂಬುದರ ಲೆಕ್ಕವಾಗಿತ್ತು. ಅಲ್ಲಿಂದ ಮುಂದೆ ಪ್ರತಿ ನಿಯಮವನ್ನೂ ಸೋಲುವವನ ಜಾಗದಲ್ಲಿ ಕೂತು ಓದತೊಡಗಿದೆ.

ಮೊದಲು ತಿದ್ದಿದ್ದು ಒಂದು ಕ್ರಿಯಾಪದವನ್ನು. ‘ಕುನಾಯ್ ಅವನ ಭುಜಕ್ಕೆ ನಾಟಿತು’ ಎಂದು ನಾನು ಬರೆದರೆ ಎದುರಾಳಿಯ ಮೈಯನ್ನು ನಾನೇ ಬರೆದಂತೆ. ‘ಅವನ ಭುಜಕ್ಕೆ ಗುರಿಯಿಟ್ಟು ಕುನಾಯ್ ಎಸೆದೆ’ ಎಂದರೆ ನನ್ನ ಕೈಯನ್ನಷ್ಟೇ ಬರೆದಂತೆ. ಮೊದಲನೆಯದನ್ನು ಈ ಆಟದವರು ಆಟೋ-ಹಿಟ್ ಎನ್ನುತ್ತಾರೆ. ಅದನ್ನು ಪೂರ್ತಿ ನಿಲ್ಲಿಸಿದೆವು. ಎಸೆಯುವವನು ಪ್ರಯತ್ನವನ್ನು ಬರೆಯಬೇಕು, ತಗಲಿತು ಎಂದು ತಗಲಿಸಿಕೊಂಡವನೇ ಬರೆಯಬೇಕು. ಕೊನೆಯ ಪೆಟ್ಟಿಗೂ ಇದೇ ನಿಯಮ.

ಆಗ ಇನ್ನೊಂದು ತೊಂದರೆ ಎದ್ದಿತು. ಪೆಟ್ಟು ತಗಲಿತೆಂದು ಬರೆಯುವ ಹಕ್ಕು ತನ್ನದೇ ಎಂದಾಗ ಕೆಲವರು ಏಳು ಸರದಿಯಾದರೂ ಒಂದು ಗೀರೂ ಬೀಳಿಸಿಕೊಳ್ಳಲಿಲ್ಲ. ಇದು ಗಾಡ್‌ಮೋಡಿಂಗ್, ಪಾತ್ರವನ್ನು ದೇವರ ಮಟ್ಟಕ್ಕೆ ಏರಿಸಿ ಕೂರಿಸುವುದು. ಅದಕ್ಕೆ ತಪ್ಪಿಸಿಕೊಳ್ಳುವುದಕ್ಕೊಂದು ಬೆಲೆ ಕಟ್ಟಿದೆವು. ಹೇಗೆ ತಪ್ಪಿಸಿಕೊಂಡೆ ಎಂದು ಬರೆಯಬೇಕು, ಜೊತೆಗೆ ಏನನ್ನು ಕಳೆದುಕೊಂಡೆ ಎಂದೂ ಬರೆಯಬೇಕು: ನಿಂತ ಜಾಗವೋ, ಉಸಿರೋ, ಚಕ್ರವೋ, ಕೈಲಿದ್ದ ಆಯುಧವೋ. ಹೀಗೆ ಕಳೆದುಕೊಳ್ಳುತ್ತ ಹೋದವನಿಗೆ ಸೋಲು ಮೇಲಿಂದ ಬೀಳುವುದಿಲ್ಲ, ಹತ್ತಿರ ಬರುವುದು ಅವನಿಗೇ ಕಾಣುತ್ತದೆ. ಕಾಣುವ ಸೋಲನ್ನು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ.

ನಾನು ಶಿರಸಿಯ ಕಡೆಯವನು. ಚಿಕ್ಕವನಿದ್ದಾಗ ಅಜ್ಜನ ಜೊತೆ ತಾಳಮದ್ದಳೆಗೆ ಹೋಗಿ ಅವರ ಮಡಿಲಲ್ಲೇ ನಿದ್ದೆಹೋಗುತ್ತಿದ್ದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಕ್ಷಣಕ್ಕೆ ಮಾತು ಹೆಣೆಯುತ್ತಾರೆ. ಕರ್ಣ ಬೀಳುತ್ತಾನೆಂಬುದು ಪ್ರಸಂಗ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಮರುದಿನ ಅಡಿಕೆ ಸುಲಿಯುತ್ತ ಜನ ಎತ್ತಿ ಎತ್ತಿ ಆಡುತ್ತಿದ್ದುದು ಕರ್ಣನ ಅರ್ಥ ಹೇಳಿದವರ ಮಾತನ್ನೇ. ಎದುರಿನವನ ಬಾಯಿಗೆ ತಾನೇ ಮಾತು ತುರುಕುವವನು ಅರ್ಥಧಾರಿಯೇ ಅಲ್ಲ ಎನ್ನುತ್ತಿದ್ದರು ಅಜ್ಜ. ನಾನು ಇಂಗ್ಲಿಷಿನಲ್ಲಿ ಟೈಪಿಸುತ್ತ, ಜಪಾನಿ ಹೆಸರಿನ ಪಾತ್ರಗಳ ನಡುವೆ ಹುಡುಕುತ್ತಿದ್ದ ನಿಯಮ ಇದೇ. ಸೋಲುವ ಪಾತ್ರಕ್ಕೆ ಮಾತಿದ್ದರೆ ಸೋಲಿಗೂ ಘನತೆ ಇರುತ್ತದೆ.

ಎರಡನೆಯ ಪಾಠ ಕಾಳಗಕ್ಕೆ ಮುಂಚಿನದು. ಈಗ ನಮ್ಮಲ್ಲಿ ಸವಾಲು ಹಾಕುವವನು ಮೂರು ಸಂಗತಿ ಬರೆದುಕೊಡಬೇಕು: ಪಣ ಏನು, ಎಲ್ಲಿ ನಡೆಯುತ್ತದೆ, ಯಾವಾಗ ಮುಗಿಯುತ್ತದೆ. ಮೊದಲ ಗಾಯಕ್ಕೋ, ಶರಣಾಗತಿಗೋ, ಸಾವಿಗೋ? ಇಬ್ಬರೂ ಒಪ್ಪಿ ಬರೆಯದ ಹೊರತು ಸಾವಿಲ್ಲ. ಒಲ್ಲೆ ಎಂದವನ ಪಾತ್ರಕ್ಕೆ ಹೇಡಿಯ ಹೆಸರು ಅಂಟಿಸುವ ಹಾಗಿಲ್ಲ. ಮೇಲಿನ ಶ್ರೇಣಿಯವನು ಕೆಳಗಿನವನನ್ನು ಕರೆದರೆ ಜಾಗ ಮತ್ತು ಮುಗಿಯುವ ಷರತ್ತನ್ನು ಆರಿಸುವ ಹಕ್ಕು ಕೆಳಗಿನವನಿಗೆ. ಈ ಒಂದು ಬದಲಾವಣೆಯಿಂದ ಸುಮ್ಮನೆ ಬಲ ತೋರಿಸಲು ಬರುವ ಸವಾಲುಗಳು ತಾವಾಗಿ ಕಡಿಮೆಯಾದವು. ಕಲಿಸುವ ಮನಸ್ಸಿದ್ದವರ ಸವಾಲುಗಳು ಉಳಿದವು.

ಶಕ್ತಿಯ ಸಮತೋಲವನ್ನು ಕಿಶಿಮೊಟೊ ಅವರಿಂದಲೇ ಕಲಿತೆ. ಅವರ ಲೋಕದಲ್ಲಿ ಬೆಂಕಿ ಗಾಳಿಯನ್ನು ಮೀರುತ್ತದೆ, ಗಾಳಿ ಮಿಂಚನ್ನು, ಮಿಂಚು ಮಣ್ಣನ್ನು, ಮಣ್ಣು ನೀರನ್ನು, ನೀರು ಮತ್ತೆ ಬೆಂಕಿಯನ್ನು. ಯಾವುದೂ ಎಲ್ಲದರ ಮೇಲಲ್ಲ. ನಮ್ಮ ಆಟಗಾರರೋ ಬಿಡಿಸಲಾಗದ ಹೊಸ ಜುಟ್ಸುಗಳನ್ನು ಹೊತ್ತು ತರುತ್ತಿದ್ದರು. ಬೇಡ ಎಂದರೆ ಜಗಳ. ಈಗ ಒಂದೇ ಷರತ್ತು: ಹೊಸ ಜುಟ್ಸು ತರುವವನು ಅದನ್ನು ಮುರಿಯುವ ಎರಡು ದಾರಿಗಳನ್ನೂ ಬರೆದು ತರಬೇಕು. ತನ್ನ ವಿದ್ಯೆಯ ಬಿರುಕನ್ನು ತಾನೇ ಹುಡುಕಿದವನು ಅದನ್ನು ಮೊದಲಿಗಿಂತ ಚೆನ್ನಾಗಿ ಬರೆಯುತ್ತಾನೆ.

ನಿಂಜಾ ಕತೆಗೆ ಗುಟ್ಟೇ ಜೀವಾಳ. ಮಾರುವೇಷ, ತದ್ರೂಪಿಗಳು, ನೆಲದಡಿ ಹೂತ ಸ್ಫೋಟಕ ಚೀಟಿ. ಆದರೆ ಬರೆದದ್ದನ್ನು ಎಲ್ಲರೂ ಓದುವ ಕಡೆ ಗುಟ್ಟನ್ನು ಹೇಗೆ ಇಡುವುದು? ಬರೆದರೆ ಎದುರಾಳಿ ಓದಿ, ತನ್ನ ಪಾತ್ರಕ್ಕೆ ಗೊತ್ತಿರಲು ಸಾಧ್ಯವೇ ಇಲ್ಲದ್ದನ್ನು ಗೊತ್ತಿದ್ದಂತೆ ಬಳಸುತ್ತಾನೆ. ಇದು ಮೆಟಾಗೇಮಿಂಗ್. ಬರೆಯದಿದ್ದರೆ, ಬಲೆ ಮೊದಲೇ ಹಾಕಿದ್ದೋ ಈಗ ಹೊಳೆದದ್ದೋ ಎಂಬ ಸಂಶಯ. ಇದಕ್ಕೆ ಪರಿಹಾರ ಸಿಕ್ಕಿದ್ದು ಚದುರಂಗದಲ್ಲಿ. ಹಿಂದೆ ಪಂದ್ಯವನ್ನು ಮರುದಿನಕ್ಕೆ ಮುಂದೂಡುವಾಗ ಆಟಗಾರ ತನ್ನ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ ತೀರ್ಪುಗಾರರಿಗೆ ಕೊಡುತ್ತಿದ್ದ. ನಾವೂ ಹಾಗೇ ಮಾಡಿದೆವು. ಬಲೆ ಹಾಕುವವನು ಅದೇ ಸರದಿಯಲ್ಲಿ ತೀರ್ಪುಗಾರರಿಗೆ ಖಾಸಗಿಯಾಗಿ ಬರೆದು ಕಳಿಸಬೇಕು: ಎಲ್ಲಿ, ಏನು, ಯಾವುದರಿಂದ ಸಿಡಿಯುತ್ತದೆ. ಸಮಯ ಬಂದಾಗ ಲಕೋಟೆ ಎಲ್ಲರೆದುರು ತೆರೆಯುತ್ತದೆ. ಸಿಕ್ಕಿಬಿದ್ದವನು ಹಿಂದೆ ಹೋಗಿ ಓದಿ, ತಾನೇ ಅದರ ಮೇಲೆ ಕಾಲಿಟ್ಟದ್ದನ್ನು ನೋಡಬಹುದು. ಅವನ ಸಿಟ್ಟಿನ ಜಾಗದಲ್ಲಿ ಬೆರಗು ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಗೆಲುವು ಅಂದರೆ ಏನು ಎಂಬುದನ್ನೂ ಬದಲಿಸಬೇಕಾಯಿತು. ಜಪಾನಿನ ಇಗಾ, ಕೋಕಾ ಪ್ರದೇಶಗಳ ಶಿನೋಬಿಗಳ, ಅಂದರೆ ನಿಜವಾದ ನಿಂಜಾಗಳ ವಿದ್ಯೆಯನ್ನು ಸಂಗ್ರಹಿಸಿದ ‘ಬನ್‌ಸೆನ್‌ಶೂಕಾಯ್’ 1676ರದು. ಅವರ ಮುಖ್ಯ ಕಸುಬು ಸುದ್ದಿ ತರುವುದು. ಸುದ್ದಿ ತರಬೇಕಾದವನು ಜೀವಂತ ಮರಳಬೇಕು, ಹಾಗಾಗಿ ತಪ್ಪಿಸಿಕೊಂಡು ಓಡುವುದೂ ಕಲಿಯಬೇಕಾದ ವಿದ್ಯೆ. ‘ನರುಟೊ’ದ ಚೂನಿನ್ ಪರೀಕ್ಷೆಯಲ್ಲೂ ಅದೇ ತಿಳಿವಳಿಕೆ ಇದೆ. ಕೊನೆಯ ಸುತ್ತಿನಲ್ಲಿ ಶಿಕಮಾರು ಎದುರಾಳಿ ತೆಮಾರಿಯನ್ನು ತನ್ನ ನೆರಳಿನಲ್ಲಿ ಹಿಡಿದ ಮೇಲೆ, ಚಕ್ರ ಮುಗಿಯುತ್ತ ಬಂತೆಂದು ಲೆಕ್ಕ ಹಾಕಿ ಸೋಲೊಪ್ಪಿಕೊಳ್ಳುತ್ತಾನೆ. ಆ ಪರೀಕ್ಷೆಯಿಂದ ಚೂನಿನ್ ಪದವಿ ಸಿಕ್ಕಿದ್ದು ಅವನೊಬ್ಬನಿಗೇ. ನಮ್ಮಲ್ಲೂ ಬಡ್ತಿಯನ್ನು ಗೆಲುವಿನಿಂದ ಬಿಡಿಸಿದೆವು. ತೀರ್ಪುಗಾರರು ನೋಡುವುದು ಪಾತ್ರ ತನ್ನ ಸ್ವಭಾವಕ್ಕೆ ತಕ್ಕಂತೆ ನಡೆಯಿತೇ, ಎದುರಾಳಿಯ ಬರವಣಿಗೆಗೆ ಕಿವಿಗೊಟ್ಟಿತೇ ಎಂಬುದನ್ನು. ಸೋತೂ ಮೇಲೇರಬಹುದು ಎಂದು ಗೊತ್ತಾದ ಮೇಲೆ ಸೋಲಿನ ಭಯ ಅರ್ಧ ಇಳಿಯಿತು.

ತೀರ್ಪುಗಾರನಾಗಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಒಂದು ಕಾಳಗದ ನಡುವೆ, ಒಂದು ನಿಯಮ ಸರಿಯಿಲ್ಲವೆನಿಸಿ, ಅಲ್ಲೇ ತಿದ್ದಿದೆ. ತಿದ್ದುಪಡಿ ಸರಿಯಾಗಿಯೇ ಇತ್ತು. ಆದರೆ ಅದರಿಂದ ಲಾಭವಾದದ್ದು ನನ್ನ ಹಳೆಯ ಗೆಳೆಯನಿಗೆ. ನನ್ನ ಮನಸ್ಸಿನಲ್ಲಿ ಏನಿತ್ತೆಂದು ಎದುರಾಳಿಗೆ ಹೇಗೆ ಗೊತ್ತಾಗಬೇಕು? ಮೂರು ವರ್ಷದಿಂದ ಜೊತೆಗಿದ್ದವಳು ನನ್ನ ಮೇಲಿನ ನಂಬಿಕೆ ಕಳೆದುಕೊಂಡಳು, ಅದು ಮರಳಲಿಲ್ಲ. ಅಂದಿನಿಂದ ತಿದ್ದುಪಡಿ ಏನಿದ್ದರೂ ಮುಂದಿನ ಕಾಳಗಕ್ಕೆ. ಗೆಳೆಯರ ಕಾಳಗಕ್ಕೆ ತೀರ್ಪು ಹೇಳುವುದಿಲ್ಲ. ತೀರ್ಪಿನ ಜೊತೆ ಕಾರಣವನ್ನೂ ಬರೆದಿಡಬೇಕು, ಸೋತವನ ಯಾವ ನಡೆ ಚೆನ್ನಾಗಿತ್ತೆಂದು ಅದರಲ್ಲಿ ಹೇಳಬೇಕು.

ನಿಯಮ ಎಷ್ಟು ಇರಬೇಕು ಎಂಬ ಗೊಂದಲ ಹಳೆಯದು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ ರೂಪಿಸಿದ ಯುದ್ಧದಾಟ ‘ಕ್ರೀಗ್‌ಸ್ಪೀಲ್’ ದಾಳ, ಕೋಷ್ಟಕ, ಲೆಕ್ಕಗಳಿಂದ ತುಂಬಿತ್ತು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಆ ಲೆಕ್ಕಗಳನ್ನು ಬದಿಗಿಟ್ಟು, ಅನುಭವಿ ತೀರ್ಪುಗಾರನ ವಿವೇಕಕ್ಕೆ ಆಟವನ್ನು ಒಪ್ಪಿಸಿದ. ನಾನು ಎರಡೂ ತುದಿಗೆ ಹೋಗಿಬಂದೆ. ನಿಯಮ ಮೂವತ್ತು ಪುಟವಾದಾಗ ಹೊಸಬರು ಬಾಗಿಲಲ್ಲೇ ಹಿಂದಿರುಗಿದರು. ಎಲ್ಲವನ್ನೂ ತೀರ್ಪುಗಾರರಿಗೆ ಬಿಟ್ಟಾಗ ಅವರ ಮನಸ್ಸನ್ನು ಬಲ್ಲ ಹಳಬರಿಗೆ ಅನುಕೂಲವಾಯಿತು. ಈಗ ನಮ್ಮ ನಿಯಮ ನಾಲ್ಕು ಪುಟ. ಹೊಸಬನೊಬ್ಬ ಒಂದು ಸಂಜೆಯಲ್ಲಿ ಓದಿ, ಮರುದಿನ ನನ್ನ ತೀರ್ಪನ್ನೇ ಪ್ರಶ್ನಿಸುವಂತಿರಬೇಕು ಎಂಬುದು ನಮ್ಮ ಅಳತೆ.

ಸಣ್ಣ ನಿಯಮವೊಂದಿದೆ, ಅದಿಲ್ಲದೆ ಉಳಿದವು ನಿಲ್ಲುವುದಿಲ್ಲ: ಉತ್ತರಕ್ಕೆ 48 ಗಂಟೆ. ನಾನು ಕಚೇರಿ ಮುಗಿಸಿ ಬರುವ ಹೊತ್ತಿಗೆ ಮನಿಲಾದಲ್ಲಿ ಮಲಗುವ ಹೊತ್ತು, ಅಮೆರಿಕದಲ್ಲಿ ಬೆಳಗಿನ ಕಾಫಿ. ಮೊದಲು 12 ಗಂಟೆ ಎಂದಿತ್ತು. ಆಗ ಸೋಲುತ್ತಿದ್ದವರು ಹೆಚ್ಚಾಗಿ ಪರೀಕ್ಷೆ ಇದ್ದವರು, ರಾತ್ರಿ ಪಾಳಿಯವರು, ಮನೆಯಲ್ಲಿ ಕಾಯಿಲೆ ಇದ್ದವರು.

ಕಳೆದ ತಿಂಗಳು ಹೊಸ ಗೆನಿನ್ ಒಬ್ಬಳು ನಮ್ಮ ಹಳೆಯ ಜೋನಿನ್ ಒಬ್ಬನೊಡನೆ ಕಾಳಗಕ್ಕೆ ನಿಂತಳು. ಜಾಗವನ್ನು ಅವಳೇ ಆರಿಸಿದ್ದಳು: ಮಳೆಯಲ್ಲಿ ನೆನೆದ ಬಿದಿರುಮೆಳೆ. ಆರನೆಯ ಸರದಿಯಲ್ಲಿ ಲಕೋಟೆ ತೆರೆದೆ. ಎರಡನೆಯ ಸರದಿಯಲ್ಲೇ ಅವಳು ಒಂದು ಬಿದಿರನ್ನು ಬಗ್ಗಿಸಿ ಕಟ್ಟಿಟ್ಟಿದ್ದಳು. ಅವನು ಬಯಸಿದ್ದರೆ ತಪ್ಪಿಸಿಕೊಳ್ಳುವ ದಾರಿಯೊಂದನ್ನು ಬರೆಯಬಹುದಿತ್ತು, ತೆರಲು ಅವನಲ್ಲಿ ಚಕ್ರವೂ ಉಳಿದಿತ್ತು. ಒಂದು ದಿನ ಪೂರ್ತಿ ಅವನಿಂದ ಏನೂ ಬರಲಿಲ್ಲ. ಮರುದಿನ ಬಂತು. ಬಿದಿರು ಸಿಡಿದ ಸದ್ದು, ಮೊಣಕಾಲು ಕೆಸರಿಗೆ ಊರಿದ್ದು, ತನಗೆ ಈ ಗಂಟು ಹಾಕುವುದನ್ನು ಕಲಿಸಿದ ಗುರುವಿನ ನೆನಪು, ಅದೇ ಗಂಟನ್ನು ಈ ಹುಡುಗಿ ಎಲ್ಲಿ ಕಲಿತಳೋ ಎಂಬ ಅಚ್ಚರಿ. ಹನ್ನೊಂದು ಸಾಲು. ಕೊನೆಯಲ್ಲಿ, ‘ಪೆಟ್ಟು ತಗಲಿತು’ ಎಂದು ಅವನೇ ಬರೆದಿದ್ದ.