ಸ್ಪೋರ್ಟ್ಸ್ ಕಾರು: ಅಂದು ಮತ್ತು ಇಂದು

ಹೊಸ ತಿಪ್ಪಸಂದ್ರದ ವಿದ್ಯಾರ್ಥಿಗಳಿಗೆ ಯಂತ್ರಗಳ ಸದ್ದು ಹೊಸತಲ್ಲ. 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ನೆರೆಯಲ್ಲಿಯೇ ಈ ಬಡಾವಣೆ ಇದೆ. ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಿಮಾನಗಳನ್ನೂ ಅವುಗಳ ಇಂಜಿನ್‌ಗಳನ್ನೂ ಹತ್ತಿರದಿಂದ ನೋಡಬಹುದು. ಹಳೆಯ ಯಂತ್ರವನ್ನು ಹೊಸದರ ಪಕ್ಕದಲ್ಲಿಟ್ಟು ನೋಡುವುದು ಉತ್ತಮ ಪಾಠಕ್ರಮ. ರಸ್ತೆಯ ವಾಹನಗಳಲ್ಲಿ ಇಂತಹ ಪಾಠಕ್ಕೆ ಸ್ಪೋರ್ಟ್ಸ್ ಕಾರು ಒಳ್ಳೆಯ ನಿದರ್ಶನ.

ಸಂಸಾರವನ್ನೋ ಸಾಮಾನನ್ನೋ ಸಾಗಿಸುವುದು ಈ ಬಗೆಯ ಕಾರಿನ ಮುಖ್ಯ ಉದ್ದೇಶವಲ್ಲ. ವೇಗ ಮತ್ತು ಚಾಲನೆಯ ಆನಂದಕ್ಕೆಂದೇ ರಚಿತವಾದ, ಸಾಮಾನ್ಯವಾಗಿ ಇಬ್ಬರಿಗಷ್ಟೇ ಆಸನವುಳ್ಳ, ನೆಲಕ್ಕೆ ತಗ್ಗಿದ ವಾಹನವಿದು. ‘ವಿಂಟೇಜ್’ ಎಂಬ ಮಾತು ಇಂಗ್ಲೆಂಡಿನ ಬಳಕೆಯಲ್ಲಿ 1919ರಿಂದ 1930ರವರೆಗಿನ ಕಾರುಗಳಿಗೆ ಸಲ್ಲುತ್ತದೆ. ಭಾರತದ 2021ರ ನಿಯಮದಂತೆ 50 ವರ್ಷ ಮೀರಿ ಮೂಲರೂಪದಲ್ಲಿ ಉಳಿದ ಕಾರು ವಿಂಟೇಜ್. ಹೊಸದಾಗಿ ವಿಂಟೇಜ್ ಎಂದು ನೋಂದಾಯಿಸಿದರೆ ಅದರ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ.

ಹೋಲಿಕೆಗೆ ಒಂದೇ ಹೆಸರಿನ ಎರಡು ಕಾರುಗಳನ್ನು ತೆಗೆದುಕೊಳ್ಳಬಹುದು. ಒಂದು, ಇಂಗ್ಲೆಂಡಿನ ಅಬಿಂಗ್ಡನ್ ಊರಿನಲ್ಲಿ 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ.; ಇನ್ನೊಂದು, 2025ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಎಂ.ಜಿ. ಸೈಬರ್‌ಸ್ಟರ್. ಈ ನಡುವೆ ಎಂ.ಜಿ. ಹೆಸರು ಚೀನಾದ ಸಂಸ್ಥೆಯೊಂದರ ಒಡೆತನಕ್ಕೆ ಸೇರಿದೆ. ಎರಡೂ ಇಬ್ಬರು ಕೂರುವ, ಮೇಲ್ಛಾವಣಿ ತೆರೆಯಬಹುದಾದ ಕಾರುಗಳು.

ಟಿ.ಸಿ.ಯ ಮೈಕಟ್ಟಿಗೆ ಮರದ ಚೌಕಟ್ಟಿದೆ. ಅದರ 1250 ಸಿ.ಸಿ. ಪೆಟ್ರೋಲ್ ಇಂಜಿನ್ ಸುಮಾರು 54 ಅಶ್ವಶಕ್ತಿಯನ್ನು ಒದಗಿಸುತ್ತದೆ. ತೂಕ ಸುಮಾರು 800 ಕಿಲೋಗ್ರಾಂ. ಗರಿಷ್ಠ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ಮೊದಲನೆಯ ಗೇರಿಗೆ ಹಲ್ಲುಗಳ ವೇಗವನ್ನು ಹೊಂದಿಸುವ ಏರ್ಪಾಡಿಲ್ಲ. ಓಡುತ್ತಿರುವಾಗ ಆ ಗೇರಿಗೆ ಇಳಿಯಬೇಕಾದರೆ ಚಾಲಕನು ಇಂಜಿನ್ನಿನ ದನಿಯನ್ನು ಕಿವಿಯಿಂದ ಅಳೆದು ಕ್ಲಚ್ಚನ್ನು ಎರಡು ಬಾರಿ ಒತ್ತಬೇಕು.

ಸೈಬರ್‌ಸ್ಟರ್‌ನಲ್ಲಿ ಇಂಜಿನ್ನೇ ಇಲ್ಲ. 77 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯಿಂದ ಎರಡು ವಿದ್ಯುತ್ ಮೋಟಾರುಗಳು ನಡೆದು 500ಕ್ಕೂ ಮಿಗಿಲಾದ ಅಶ್ವಶಕ್ತಿಯನ್ನು ನೀಡುತ್ತವೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಲು ಅದಕ್ಕೆ 3.2 ಸೆಕೆಂಡು ಸಾಕು. 2001ರಲ್ಲಿಯೇ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ಹೊರತಂದ ಬೆಂಗಳೂರಿಗೆ ಈ ತತ್ತ್ವ ಅಪರಿಚಿತವೇನಲ್ಲ.

ಆದರೆ ಬ್ಯಾಟರಿಯ ಭಾರದಿಂದಾಗಿ ಹೊಸ ಕಾರಿನ ತೂಕ ಸುಮಾರು 2 ಟನ್. ಚಲನಶಕ್ತಿಯು ತೂಕದೊಡನೆ ನೇರವಾಗಿಯೂ ವೇಗದ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಸಮಾನ ವೇಗದಲ್ಲಿ ಹೊಸ ಕಾರಿನ ಚಲನಶಕ್ತಿ ಹಳೆಯದರ ಎರಡೂವರೆ ಪಟ್ಟು. ಗಂಟೆಗೆ 200 ಕಿಲೋಮೀಟರ್ ಓಡುವಾಗ, 120ರಲ್ಲಿ ಓಡುವ ಟಿ.ಸಿ.ಗಿಂತ ಸುಮಾರು ಏಳು ಪಟ್ಟು. ಇಷ್ಟು ಶಕ್ತಿಯನ್ನು ಅಡಗಿಸಲೆಂದೇ ಡಿಸ್ಕ್ ಬ್ರೇಕು, ಚಕ್ರ ಜಾರದಂತೆ ಕಾಯುವ ಗಣಕ, ಅಪಘಾತದಲ್ಲಿ ಉಬ್ಬುವ ಗಾಳಿಚೀಲ ಇವೆಲ್ಲ ಬೇಕಾದವು. ಬ್ರೇಕು ಹಾಕಿದಾಗ ಮೋಟಾರೇ ಜನರೇಟರಾಗಿ ಆ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತದೆ. ಹಳೆಯ ಕಾರಿನಲ್ಲಿ ಅದೆಲ್ಲವೂ ಶಾಖವಾಗಿ ಗಾಳಿಪಾಲು.

ಅಂಕಿಗಳನ್ನಷ್ಟೇ ನೋಡಿದರೆ ತೀರ್ಪು ಸುಲಭ. ಆದರೂ ಹಳೆಯ ಕಾರಿಗೆ ಹೊಸದರಲ್ಲಿಲ್ಲದ ಒಂದು ಗುಣವುಂಟು: ಅದು ತನ್ನ ಒಳಗನ್ನು ಮರೆಮಾಚುವುದಿಲ್ಲ. ಕಾರ್ಬ್ಯುರೇಟರ್ ಕಟ್ಟಿಕೊಂಡರೆ ಬಿಚ್ಚಿ ತೊಳೆಯಬಹುದು. ತೊಡಕು ಎಲ್ಲಿದೆಯೆಂದು ಕಣ್ಣು, ಕಿವಿ, ಮೂಗುಗಳೇ ಹೇಳುತ್ತವೆ. ಹೊಸ ಕಾರಿನ ದೋಷವನ್ನು ಅರಿಯಲು ಅನೇಕ ವೇಳೆ ತಯಾರಕರ ಗಣಕ ಸಾಧನವೇ ಬೇಕು. ಯಂತ್ರವು ಚಾಲಕನ ತಪ್ಪನ್ನು ಮನ್ನಿಸುವಂತಾದಷ್ಟೂ ಚಾಲಕನು ಯಂತ್ರವನ್ನು ಅರಿಯುವ ಅಗತ್ಯ ಕಡಿಮೆಯಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಲಾಭ. ಶಿಕ್ಷಣದ ದೃಷ್ಟಿಯಿಂದ ನಷ್ಟ.

ಈ ನಷ್ಟವನ್ನು ತುಂಬಿಕೊಡುವ ಹೊಣೆ ಶಾಲೆಗಳದು. ಗುಜರಿ ಸೇರಲಿರುವ ಒಂದು ಹಳೆಯ ಇಂಜಿನ್ನನ್ನು ಸೀಳಿ, ಅದರ ಪಕ್ಕದಲ್ಲಿ ಒಂದು ವಿದ್ಯುತ್ ಮೋಟಾರನ್ನು ತೆರೆದಿಟ್ಟರೆ, ಪ್ರಯೋಗಶಾಲೆಗೆ ಅದಕ್ಕಿಂತ ಉಪಯುಕ್ತವಾದ ಕಾಣಿಕೆ ವಿರಳ. ಪಿಸ್ಟನ್ನಿನ ಏರಿಳಿತವನ್ನು ತನ್ನ ಕೈಯಿಂದ ತಿರುಗಿಸಿ ಕಂಡ ಬಾಲಕನೋ ಬಾಲಕಿಯೋ ನಾಳೆ ಗಣಕದ ಪರದೆಯ ಮೇಲೆ ಮೂಡುವ ಅಂಕಿಯ ಹಿಂದೆ ಏನಿದೆಯೆಂದು ಕೇಳದಿರಲಾರರು. ಹಳೆಯದು ಕಾರಣವನ್ನು ಕಲಿಸುತ್ತದೆ, ಹೊಸದು ಅದರ ಫಲವನ್ನು ತೋರಿಸುತ್ತದೆ. ಕಲಿಯುವವರಿಗೆ ಎರಡೂ ಬೇಕು.