ಬಡ್ಡಿಗೆ ರಜೆಯಿಲ್ಲ

ಮಗಳಿಗೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ. ಸೈಟಿನ ಪತ್ರ ಅಡವಿಟ್ಟು, ಮ್ಯಾನೇಜ್‌ಮೆಂಟ್ ಸೀಟಿಗೆ ಹತ್ತು ಲಕ್ಷ ಶಿಕ್ಷಣ ಸಾಲ ತೆಗೆದೆವು. 'ಕೋರ್ಸ್ ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಕಿಲ್ಲ ಸಾರ್' ಎಂದರು ಬ್ಯಾಂಕಿನವರು. ನಾನು ಆರ್‌ಡಿ ನಿಲ್ಲಿಸಿ, ಮೊದಲ ತಿಂಗಳಿಂದಲೇ ಬಡ್ಡಿ ಕಟ್ಟತೊಡಗಿದೆ. ಮನೆಯಲ್ಲಿ ಯಾರಿಗೂ ಇದು ಹಿಡಿಸಲಿಲ್ಲ.

ಲೆಕ್ಕ ನೋಡಿ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ಕಂತಿನಲ್ಲಿ ಸಾಲ ಬಿಡುಗಡೆ, ಬಡ್ಡಿ ಶೇ 10. ಮೊದಲ ಕಂತಿಗೆ ಐದು ವರ್ಷದ ಸರಳ ಬಡ್ಡಿ 1.25 ಲಕ್ಷ. ಎರಡನೆಯದಕ್ಕೆ ಒಂದು ಲಕ್ಷ, ಮೂರನೆಯದಕ್ಕೆ 75 ಸಾವಿರ, ನಾಲ್ಕನೆಯದಕ್ಕೆ 50 ಸಾವಿರ. ಒಟ್ಟು 3.5 ಲಕ್ಷ. ಕಟ್ಟದಿದ್ದರೆ ಇದು ಅಸಲಿಗೆ ಸೇರಿ ಸಾಲ 13.5 ಲಕ್ಷವಾಗುತ್ತದೆ, ಹತ್ತು ವರ್ಷದ ಇಎಂಐ ಸುಮಾರು 17,840 ರೂಪಾಯಿ. ಬಡ್ಡಿ ಕಟ್ಟುತ್ತ ಬಂದರೆ ಇಎಂಐ 13,215. ತಿಂಗಳಿಗೆ 4,625ರ ವ್ಯತ್ಯಾಸ, 120 ತಿಂಗಳಿಗೆ 5.55 ಲಕ್ಷ. ಅಂದರೆ ಇಂದಿನ ಮೂರೂವರೆ ಲಕ್ಷವನ್ನು ಮಗಳು ನಾಳೆ ಐದೂವರೆ ಲಕ್ಷವಾಗಿ ತೀರಿಸಬೇಕು. ನಾನು ಕಟ್ಟಬೇಕಾದದ್ದು ಮೊದಲ ವರ್ಷ ತಿಂಗಳಿಗೆ 2,083 ರೂಪಾಯಿ, ಕೊನೆಗೆ 8,333. ಓದುವಾಗಲೇ ಬಡ್ಡಿ ಕಟ್ಟುವವರಿಗೆ ದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಬೇಕು. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ.

ಕೊನೆಯ ವರ್ಷದಲ್ಲೇ ಆಫರ್ ಲೆಟರ್ ಕೈಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಮನೆಗಳು ಸಾಲ ಮಾಡಿದವು. ಈಗ ಐಟಿ ಕಂಪನಿಗಳು ಹೊಸಬರನ್ನು ಅಳೆದು ಸುರಿದು ತೆಗೆದುಕೊಳ್ಳುತ್ತಿವೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್ ಕೆಲಸವನ್ನು ಎಐ ಮಾಡುತ್ತಿದೆ. ಆದರೂ ಸಾಲದ ಕಂತು ಹೇಳಿದ ದಿನಕ್ಕೇ ಶುರುವಾಗುತ್ತದೆ.

ಈ ಭಯದ ಮೇಲೆಯೇ 'ಜಾಬ್ ಗ್ಯಾರಂಟಿ' ಆನ್‌ಲೈನ್ ಕೋರ್ಸುಗಳು ನಿಂತಿವೆ. ಮಗಳಿಗೂ ದಿನಾ ಫೋನ್ ಬರುತ್ತಿತ್ತು. ಶುಲ್ಕಕ್ಕೆ ಅವರು ಹೇಳುವ 'ನೋ ಕಾಸ್ಟ್ ಇಎಂಐ' ಎಂದರೆ ಹಣಕಾಸು ಕಂಪನಿಯೊಂದರಿಂದ ವಿದ್ಯಾರ್ಥಿಯ ಹೆಸರಿನಲ್ಲಿ ಇನ್ನೊಂದು ಸಾಲ, ಅಷ್ಟೇ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲದು. ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುತ್ತದೆ. ಕಲಿಯಲು ಇನ್ನೊಂದು ಸಾಲ ಬೇಕಿಲ್ಲ. ಐಐಟಿ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ಯುಜಿಸಿಯ 2021ರ ನಿಯಮದಂತೆ, ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಸರ್ಕಾರದ 'ಸ್ವಯಂ' ಆನ್‌ಲೈನ್ ವೇದಿಕೆಯಲ್ಲಿ ಓದಿ ಕ್ರೆಡಿಟ್ ಪಡೆಯಲು ಕಾಲೇಜುಗಳು ಅವಕಾಶ ಕೊಡಬಹುದು.

ಇನ್ನೊಂದು ಮಾತು. ಮಕ್ಕಳಿಂದ ಸಾಲ ಮುಚ್ಚಿಡಬೇಡಿ. ಇನ್ನು, ಹಬ್ಬಕ್ಕೊಂದು ಹೊಸ ಫೋನ್ ಕೊಡಿಸುವ ಮನೆಯಲ್ಲಿ ಮೊದಲ ವರ್ಷ ತಿಂಗಳಿಗೆ ಎರಡು ಸಾವಿರ ಬಡ್ಡಿ ಕಟ್ಟಲು ಆಗುವುದಿಲ್ಲವೆಂಬುದನ್ನು ನಾನು ಒಪ್ಪುವುದಿಲ್ಲ. ಈ ವಾರವೇ ಬ್ಯಾಂಕಿಗೆ ಹೋಗಿ, ಸಾಲದ ಖಾತೆಯಲ್ಲಿ ಇದುವರೆಗೆ ಎಷ್ಟು ಬಡ್ಡಿ ಸೇರಿದೆ ಎಂದು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.